ಸೊಟ್ಟ ಅಕ್ಷರವನ್ನು ನೆಟ್ಟಗೆ ಮಾಡಿದ ಅಪ್ಪನ ದೂರು

ಎಳೆಯ ಮಕ್ಕಳು ಮನೆಯಲ್ಲೇ ಕೂತು ಗುಂಡಿ, ಹತ್ತಿ, ಬಣ್ಣದ ಕಾಗದ ಅಂಟಿಸಿ ಅಕ್ಷರ ಕಲಿಯಲೆಂದು ಪೆಟ್ಟಿಗೆಗಳನ್ನು ತಯಾರಿಸಿ ಮಾರುವ ಕಂಪನಿಯ ಮಹಾಪ್ರಬಂಧಕರ ಸನ್ನಿಧಾನಕ್ಕೆ, ಕೈ ಜೋಡಿಸಿ ಸಲ್ಲಿಸುತ್ತಿರುವ ನಮಸ್ಕಾರಗಳು. ಜೋಡಿಸಿದ ಕೈಗಳನ್ನು ಬಿಡಿಸಲು ಬಿಸಿನೀರು ಬೇಕಾಯಿತೆಂಬುದನ್ನು ತಮ್ಮ ಅಂಟಿನ ಕೀರ್ತಿಗಾಗಿ ಇಲ್ಲೇ ಹೇಳಿಬಿಡುತ್ತೇನೆ.

ಮಾನ್ಯರೇ,

ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಇಪ್ಪತ್ತು ವರ್ಷಗಳಿಂದ ಅಕ್ಷರವೇ ನನ್ನ ಕಸುಬು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ನಾಲ್ಕು ವರ್ಷದ ಮಗಳಿಗೆಂದು ತಮ್ಮ ಪೆಟ್ಟಿಗೆ ತಂದಳು. ಅಂದಿನಿಂದ ತಮ್ಮ ಅಂಟು ತೋರಿದ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಸಾಲದು. ರಟ್ಟೊಂದನ್ನು ಬಿಟ್ಟು ಅದು ಎಲ್ಲೆಲ್ಲೂ ಹಿಡಿಯಿತು. ಬೆಕ್ಕಿನ ಬಾಲಕ್ಕೆ, ದಿಂಬಿಗೆ, ನನ್ನ ಕನ್ನಡಕದ ಒಂದು ಗಾಜಿಗೆ, ಕೊನೆಗೆ ಮಗಳನ್ನೇ ಕುರ್ಚಿಗೆ ಅಂಟಿಸಿತು. ಇಷ್ಟಕ್ಕೆಲ್ಲ ನಾನು ದೂರುವವನಲ್ಲ.

ನನ್ನ ದೂರು ಪೆಟ್ಟಿಗೆಯ ಮೇಲೆ ತಾವು ಮುದ್ರಿಸಿರುವ ಮಾದರಿ 'ಅ' ಅಕ್ಷರದ ಮೇಲೆ. ಎಂಥ 'ಅ' ಸ್ವಾಮಿ ಅದು! ಒಂದು ಗುಂಡಿಯೂ ಗೆರೆ ದಾಟಿಲ್ಲ. ಮಗಳು ಬೆಳಗಿನಿಂದ ನಾಲಿಗೆ ಹೊರಚಾಚಿ, ಒಂದೊಂದೇ ಗುಂಡಿಯನ್ನು ಬೆರಳಿನಿಂದ ಒತ್ತಿ, ಮಧ್ಯಾಹ್ನದ ಹೊತ್ತಿಗೆ ತನ್ನ 'ಅ' ಮುಗಿಸಿದಳು. ಅದರ ಹೊಟ್ಟೆ ಕೆಳಗೆ ಜಾರಿತ್ತು, ಬಾಲ ರಟ್ಟಿನಿಂದಾಚೆ ಹೊರಟಿತ್ತು. "ಅಮ್ಮ ಬಂದ್ಮೇಲೆ ತೋರಿಸ್ತೀನಿ, ಯಾರೂ ಮುಟ್ಬೇಡಿ" ಎಂದು ತಾಕೀತು ಮಾಡಿ ಮಲಗಿದಳು.

ನನ್ನ ಕೈ ಸುಮ್ಮನಿರಬೇಕಲ್ಲ! ಒಂದೇ ಒಂದು ಗುಂಡಿ ಸರಿಸೋಣವೆಂದು ಕೂತವನು ಅಷ್ಟನ್ನೂ ಕಿತ್ತು, ಸ್ಕೇಲು ಹಿಡಿದು ಮತ್ತೆ ಅಂಟಿಸಿ, ಬೋರ್ಡಿನ ಅಕ್ಷರಕ್ಕೆ ಹಾಕುವಂತೆ ಬಲಬದಿಗೆ ನೀಲಿ ನೆರಳನ್ನೂ ಬರೆದು, ಬೀಗುತ್ತಾ ಎದ್ದೆ. ಮಗಳು ಎದ್ದು ಬಂದಳು. ಅದನ್ನು ನೋಡಿದಳು, ಆಮೇಲೆ ಬಗ್ಗಿ ಮೇಜಿನ ಕೆಳಗೆ ಹುಡುಕಿದಳು. "ನಂದೆಲ್ಲಿ?" ಎಂದಳು. ಇದೇ ನಿನ್ನದು ಎಂದೆ, ನಾಚಿಕೆಯಿಲ್ಲದೆ. ಸಂಜೆ ಅವಳೇ ಅಮ್ಮನಿಗೆ ತೋರಿಸಿದಳು: "ಇದು ಅಪ್ಪಂದು. ಚೆನ್ನಾಗಿದೆ."

ಆಮೇಲೆ ಹನ್ನೊಂದು ದಿನ ಅವಳು ಪೆಟ್ಟಿಗೆ ಮುಟ್ಟಲಿಲ್ಲ ಮಾನ್ಯರೇ. 'ಆ' ಮಾಡೋಣ ಬಾ ಎಂದು ಕರೆದರೆ, "ನೀನೇ ಮಾಡಪ್ಪ, ನಂಗೆ ಬರಲ್ಲ" ಎಂದಳು.

ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆ. ಮುಂದಿನ ಪೆಟ್ಟಿಗೆಯಲ್ಲಿ ಅಪ್ಪಂದಿರ ಕೈಗೆ ಹಾಕುವ ಬೀಗವನ್ನೂ ಇಡತಕ್ಕದ್ದು. ಅದರ ಕೀಲಿಕೈ ಮಗುವಿನ ಬಳಿ ಇರತಕ್ಕದ್ದು. ಮೂವತ್ತು ದಾಟಿದವರು ಮುಚ್ಚಳ ತೆರೆದರೆ ಪೆಟ್ಟಿಗೆಯೇ ಜೋರಾಗಿ ಕಿರುಚಿಕೊಳ್ಳುವಂತೆ ಏರ್ಪಾಡಾಗಲಿ. ಮತ್ತೆ, ಕಿತ್ತ ಗುಂಡಿಗಳು ತಾವೇ ನಡೆದು ತಮ್ಮ ಹಳೆಯ ಸೊಟ್ಟ ಜಾಗಕ್ಕೆ ಹೋಗಿ ಕೂರುವಂಥ ಅಂಟನ್ನು ತಾವು ಕಂಡುಹಿಡಿದರೆ, ಈ ಊರಿನ ಅಷ್ಟೂ ಬೋರ್ಡುಗಳ ಮೇಲೆ ತಮ್ಮ ಹೆಸರನ್ನೇ ಬರೆಯುತ್ತೇನೆ.

ಅಂಥ ಅಂಟು ಬರುವ ತನಕ ಕಾಯಲಾಗದೆ ನಿನ್ನೆ ಮಗಳ ಮುಂದೆ ಕೂತು ನಿಜ ಹೇಳಿದೆ. ನಿನ್ನದನ್ನು ನಾನೇ ಕಿತ್ತೆ, ತಪ್ಪಾಯಿತು ಎಂದೆ. ಅವಳು "ಹಂಗಾದ್ರೆ ನಿಂದನ್ನ ನಾನು ಕೀಳ್ತೀನಿ" ಎಂದಳು. ಕಿತ್ತಳು ಸ್ವಾಮಿ! ನನ್ನ ಇಪ್ಪತ್ತು ವರ್ಷದ ಕಸುಬನ್ನು ಒಂದೊಂದೇ ಗುಂಡಿಯಾಗಿ, ಕೇಕೆ ಹಾಕುತ್ತಾ, ನೀಲಿ ನೆರಳನ್ನೂ ಉಗುರಿನಿಂದ ಕೆರೆದು ಕಿತ್ತಳು. ಆಮೇಲೆ ಯಾರೂ ಹೇಳದೆ ಅಂಟಿನ ಡಬ್ಬಿಗೆ ಕೈ ಹಾಕಿದಳು. ಈ ಸಲ ಹೊಟ್ಟೆ ಇನ್ನೂ ಕೆಳಗೆ ಜಾರಿದೆ. ಅದನ್ನು ಬೀದಿ ಬಾಗಿಲಿಗೆ ತೂಗುಹಾಕಿದ್ದೇವೆ. ಬೋರ್ಡು ಬರೆಸಲು ಬಂದ ಗಿರಾಕಿಯೊಬ್ಬರು ಅದನ್ನು ನೋಡಿ, "ಇದು ನೀವು ಬರ್ದಿದ್ದಾ?" ಎಂದು ಅನುಮಾನದಿಂದ ಕೇಳಿದರು. ಅಷ್ಟು ಚೆನ್ನಾಗಿ ನನಗೆ ಬರುವುದಿಲ್ಲ ಎಂದೆ.

ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

ತಾ.ಕ.: ಪೆಟ್ಟಿಗೆಯ ಚಿತ್ರದಲ್ಲಿ ಗುಂಡಿ ಅಂಟಿಸುತ್ತಿರುವ ಪುಟ್ಟ ಮಗುವಿನ ಮುಂಗೈಯಲ್ಲಿ ದಟ್ಟ ಕೂದಲೂ, ಬೆರಳಲ್ಲಿ ಮದುವೆಯ ಉಂಗುರವೂ ಕಾಣುತ್ತಿವೆ. ಆ ಮಗುವಿನ ಮಕ್ಕಳಿಗೆ ನನ್ನ ಸಂತಾಪಗಳನ್ನು ತಿಳಿಸಿ.