ಮಾವನವರಿಗೆ ಬಿಸಿ ಗಾಳಿ

ಎಲ್ಲ ಗದ್ದಲಕ್ಕೂ ಮೂಲ ಒಂದು ತಿರುಗುಗುಂಡಿ. ಅನಿಲಕುಮಾರನ ಹಳೆಯ ಕಾರಿನಲ್ಲಿ, ಸ್ಟೇರಿಂಗಿನ ಎಡಕ್ಕೆ, ಅರ್ಧ ನೀಲಿ ಅರ್ಧ ಕೆಂಪು ಬಣ್ಣ ಬಳಿದುಕೊಂಡು ಅದು ಆರು ವರ್ಷದಿಂದ ಸುಮ್ಮನೆ ಕೂತಿತ್ತು. ಇಳಕಲ್ಲಿನಂಥ ಊರಿನಲ್ಲಿ ಬಿಸಿ ಗಾಳಿಗೆಂದು ಅದನ್ನು ಕೆಂಪಿನ ಕಡೆ ತಿರುಗಿಸುವ ಪ್ರಸಂಗ ಯಾರಿಗೆ ಬರುತ್ತದೆ ಹೇಳಿ? ಕಾದ ಹಂಚಿನ ಮೇಲೆ ಕೂತವನು ಹೊದೆಯಲು ಕೌದಿ ಕೇಳಿದ ಹಾಗಾಗುತ್ತದೆ. ಆದರೂ ಆ ರವಿವಾರ ಬೆಳಗಿನ ಐದೂವರೆಗೆ, ಊರು ದಾಟುವಾಗ, ಅನಿಲಕುಮಾರ ಅದನ್ನು ಕೆಂಪಿಗೆ ತಿರುಗಿಸಿದ. ಹಿಂದಿನ ಸೀಟಿನಿಂದ ಮಾವನವರ ದನಿ ಬಂತು.

“ಅಳಿಯಂದ್ರ, ಇದು ಬಿಸಿ ಗಾಳಿ ಅಲ್ಲ, ತಣ್ಣನ ಗಾಳಿ. ಗಾಡಿ ತಿರುಗಿಸ್ರಿ.”

“ಮಾವಾರ, ಇನ್ನೊಂದೀಟು ತಡೀರಿ, ಎಂಜಿನ್ ಕಾಯಲಿ.”

“ಎಂಜಿನ್ ಕಾಯೂದ್ರಾಗ ನಾ ಆರಿ ಹೋಗ್ತೇನಿ. ತಿರುಗಿಸ್ರಿ!”

ಮಾವ ರಾಚಪ್ಪ ಮಾಸ್ತರರು ಬಾದಾಮಿಯವರು, ರಿಟೈರಾದ ಹೆಡ್‌ಮಾಸ್ತರರು. ದೀಪಾವಳಿಯಾದ ಮೂರನೇ ದಿನ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಮನೆಗೆ ಬಂದಿದ್ದರು. ಎಂಟು ದಿನದ ಮಾತು. ಈಗ ಡಿಸೆಂಬರ್ ಅರ್ಧ ಮುಗಿದಿತ್ತು. ಹಗಲು ಹೊರಟರೆ ಬಿಸಿಲು ಕಣ್ಣಿಗೆ ಆಗದು, ಹೊತ್ತು ಮುಳುಗಿದ ಮೇಲೆ ಹೊರಟರೆ ಥಂಡಿ ಎದೆಗೆ ಆಗದು. ಹೀಗಾಗಿ ಇಪ್ಪತ್ನಾಲ್ಕು ತಾಸಿನಲ್ಲಿ ಅವರು ಬಾದಾಮಿಗೆ ಹೋಗಬಹುದಾದ ಒಂದು ತಾಸೂ ಉಳಿದಿರಲಿಲ್ಲ. ಕಾರಿನಲ್ಲಿ ಬಿಸಿ ಗಾಳಿ ಬರುತ್ತದೆಂದು ಒಪ್ಪಿಸಿ ಅಳಿಯ ಆ ನಸುಕಿನಲ್ಲಿ ಅವರನ್ನು ಹೊರಡಿಸಿದ್ದ.

ಪತ್ತಿನ ಸಂಘದಲ್ಲಿ ಕಾರಕೂನನಾಗಿದ್ದ ಅನಿಲಕುಮಾರ ಆ ನಲವತ್ತು ದಿನದಲ್ಲಿ ನಾಲ್ಕು ಕಿಲೋ ಇಳಿದಿದ್ದ. ಮಾವನವರು ಅವನ ಮಂಚದ ಮೇಲೆ, ಅವನು ಅಡುಗೆಮನೆಯ ಬಾಗಿಲ ಬಳಿ ಚಾಪೆಯ ಮೇಲೆ. ಕಣ್ಣಿಗೆ ಬೆಳಕು ಬಡಿಯುತ್ತದೆಂದು ಟೀವಿ ಬಂದ್. ನಸುಕಿನಲ್ಲಿ ಎದ್ದು ಪೇಪರನ್ನು ಮೊದಲ ಪುಟದಿಂದ ಟೆಂಡರ್ ನೋಟೀಸಿನ ತನಕ ಗಟ್ಟಿಯಾಗಿ ಓದಬೇಕು. ನಡುವೆ ಒಂದು ಮಹಾಪ್ರಾಣ ತಪ್ಪಿದರೆ ಆ ಸಾಲು ಮತ್ತೆ ಓದಬೇಕು. ಇನ್ನೊಂದು ವಾರ ಹೀಗೇ ನಡೆದರೆ ತಾನು ಸಂನ್ಯಾಸ ತಗೊಳ್ಳುವುದೇ ಸೈ ಅಂತ ಅವನು ಹೆಂಡತಿ ಮಹೇಶ್ವರಿಗೆ ಹೇಳಿಬಿಟ್ಟಿದ್ದ. “ತಗೊಳ್ರಿ, ಆದ್ರ ಅಪ್ಪನ ಕಣ್ಣಿಗೆ ಹನಿ ಹಾಕಿ ಹೋಗ್ರಿ” ಅಂದಿದ್ದಳು ಆಕೆ.

ಕಾರು ಮನೆಯ ಮುಂದೆ ವಾಪಸು ನಿಂತಿತು. ಮಂಗನ ಟೊಪ್ಪಿಗೆ, ಮಫ್ಲರು, ಕರಿ ಕನ್ನಡಕದ ಸಮೇತ ಇಳಿದ ಮಾಸ್ತರರು ತೀರ್ಪು ಕೊಟ್ಟರು. “ನಾ ದಿನಾ ಚೀಲ ಕಟ್ಟೂದು ಬಿಚ್ಚೂದು ಮಾಡಾಂವಲ್ಲ. ಇವತ್ತು ಸಂಜಿ ಒಳಗ ಬಿಸಿ ಗಾಳಿ ಬಂದ್ರ ಹೋಗ್ತೇನಿ. ಬರಲಿಲ್ಲ ಅಂದ್ರ ಶಿವರಾತ್ರಿ ಮುಗಿಸಿಕೊಂಡ ಹೋಗ್ತೇನಿ.”

ಶಿವರಾತ್ರಿ!  ಅನಿಲಕುಮಾರ ಚಹಾ ಕೂಡ ಕುಡಿಯದೆ ಬಾನೆಟ್ ಎತ್ತಿ ನಿಂತ. ಬಾನೆಟ್ ಎತ್ತುವುದು ಅವನಿಗೆ ಬರುತ್ತಿತ್ತು, ಮುಂದಿನದು ಬರುತ್ತಿರಲಿಲ್ಲ.

ಬಾನೆಟ್ ಎದ್ದರೆ ಸಾಕು, ಓಣಿಗೆ ಓಣಿಯೇ ಸೇರುತ್ತದೆ. ಮೊದಲು ಬಂದವನು ಪಕ್ಕದ ಮನೆಯ ಹಣಮೇಶ. ಅವನದು ಝೆರಾಕ್ಸ್ ಅಂಗಡಿ, ಆದರೆ ಅವನಿಗೆ ತಿಳಿಯದ ವಿದ್ಯೆಯೇ ಇಲ್ಲ.

“ಗುಂಡಿ ಉಲ್ಟಾ ಜೋಡಿಸ್ಯಾರ್ರಿ ಸರ. ನೀಲಿ ಕಡಿ ತಿರುವ್ರಿ, ಬಿಸಿ ಬರತೈತಿ.”

ನೀಲಿ ಕಡೆ ತಿರುವಿದರು. ತಣ್ಣನೆಯ ಗಾಳಿ. ಕೆಂಪಿಗೆ ತಿರುವಿದರು. ಅದೇ ಗಾಳಿ. ಹತ್ತು ಸಲ ತಿರುವಿದ ಮೇಲೆ ಯಾವುದು ಹೆಚ್ಚು ತಣ್ಣಗಿತ್ತು ಅನ್ನುವುದೇ ಇಬ್ಬರಿಗೂ ಗೊತ್ತಾಗದೆ ಹೋಯಿತು.

“ಹಂಗಾರ ಗ್ಯಾಸ್ ಖಾಲಿ ಆಗೇತಿ” ಅಂದ ಹಣಮೇಶ. “ಗ್ಯಾಸ್ ಇಲ್ಲದ ಒಲಿ ಹೆಂಗ ಉರೀಬೇಕ್ರಿ?”

ಮಾತು ಖರೆ ಅನಿಸಿತು. ಗಾಬರಿಯಲ್ಲಿದ್ದವನಿಗೆ ಯಾವ ಮಾತಾದರೂ ಖರೆ ಅನಿಸುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಏಸಿ ಅಂಗಡಿ ರವಿವಾರವೂ ತೆರೆದಿತ್ತು. ಏನು, ಯಾಕೆ ಅಂತ ಕೇಳದೆ ಅವರು ಗ್ಯಾಸ್ ತುಂಬಿ ಕಳಿಸಿದರು. ಮನೆಗೆ ಬಂದು ಮಾಸ್ತರರನ್ನು ಒಳಗೆ ಕೂಡಿಸಿ ಪರೀಕ್ಷೆ ಮಾಡಿದಾಗ ಅವರ ಕನ್ನಡಕದ ಮೇಲೆ ಮಂಜು ಕೂತಿತು.

“ಅಳಿಯಂದ್ರ, ನನ್ನ ಕಳಿಸಬೇಕಂತೀರೋ, ಕೊಲ್ಲಬೇಕಂತೀರೋ? ಸ್ಪಷ್ಟ ಹೇಳ್ರಿ.”

“ಅಯ್ಯ, ಎಂಥಾ ಮಾತ್ರಿ ಮಾವಾರ! ಕಳಿಸಬೇಕಂತೇನಿ” ಅಂದುಬಿಟ್ಟ ಅನಿಲಕುಮಾರ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಬಾಗಿಲಲ್ಲಿ ನಿಂತ ಮಹೇಶ್ವರಿ ಅವನನ್ನು ಒಂದು ನೋಟ ನೋಡಿದಳು. ಆ ಹೊತ್ತಿನ ಚಳಿ ಕಾರಿನದೋ, ನೋಟದ್ದೋ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಸೋಮವ್ವ ಬಂದಳು. ಆಕೆಯ ಕೈಯಲ್ಲಿ ಹೊಗೆಯಾಡುವ ಬಕೀಟು ಇತ್ತು.

“ಗಾಡಿಗೆ ಏನ ಹಾಕ್ತೀರೋ ತಮ್ಮಾ, ತಣ್ಣೀರ ಹೌದಲ್ಲ? ತಣ್ಣೀರ ಕುಡದದ್ದು ಬಿಸಿ ಉಸಿರು ಎಲ್ಲಿಂದ ಬಿಡಬೇಕು? ತಗೋ, ಹಂಡೇದಾಗಿನ ನೀರು ಹಾಕು.”

ಈ ಮಾತೂ ಖರೆ ಅನಿಸಿತು. ಹಣಮೇಶ ಬಕೀಟು ಎತ್ತಿ ರೇಡಿಯೇಟರಿಗೆ ಸುರಿದ. ಕಾಲುಭಾಗ ಒಳಗೆ ಹೋಯಿತು, ಉಳಿದದ್ದು ಹಣಮೇಶನ ಕಾಲ ಮೇಲೆ ಹೋಯಿತು. ಅವನು “ಯವ್ವಾ ಸತ್ತೆ!” ಅಂತ ಒಂದೇ ಕಾಲಲ್ಲಿ ಕುಣಿಯುತ್ತ ಮನೆ ಸೇರಿದ. ಓಣಿಯಲ್ಲಿ ಬಿಸಿಯಾದದ್ದು ಅದೊಂದೇ.

ಮಧ್ಯಾಹ್ನ ಮೂರಾಯಿತು. ಕೊನೆಗೆ ಅನಿಲಕುಮಾರ ಮೆಕ್ಯಾನಿಕ್ ಗೌಸಸಾಬನ ಮನೆ ಬಾಗಿಲಿಗೆ ಹೋಗಿ ಕೈಮುಗಿದ. ಕಾರು ಕೊಂಡಾಗಿನಿಂದ ಅದನ್ನು ನೋಡಿಕೊಂಡವನು ಅವನೇ. ಬೆಳಿಗ್ಗೆಯೇ ಇಲ್ಲಿಗೆ ಬರಬೇಕಿತ್ತು. ಆದರೆ ಮಂದಿ ಸಲಹೆ ಕೊಡುತ್ತಿರುವಾಗ ಬಿಟ್ಟು ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಊಟ ಮಾಡಿ ಮಲಗಿದ್ದ ಗೌಸಸಾಬ ಆಕಳಿಸುತ್ತಲೇ ಎದ್ದು ಬಂದು, ಗ್ಯಾರೇಜು ತೆಗೆದು, ಎಂಜಿನ್ ಚಾಲೂ ಮಾಡಿ, ಕಾಲು ತಾಸು ಬಿಟ್ಟು ಒಂದು ಪೈಪು ಮುಟ್ಟಿ ನೋಡಿದ.

“ಸಾಹೇಬ್ರ, ಎಂಜಿನ್ ಕಾಯೂದs ಇಲ್ಲ. ಕಾಯದ ಎಂಜಿನ್ನಿಂದ ಬಿಸಿ ಗಾಳಿ ಎಲ್ಲಿ ಬರತೈತ್ರಿ?” ನಾಲ್ಕು ನಟ್ಟು ಬಿಚ್ಚಿ ಒಳಗೆ ಬೆರಳು ಹಾಕಿದವನು ಹೌಹಾರಿದ. “ಅರೆ! ಇದರಾಗ ಥರ್ಮೋಸ್ಟಾಟs ಇಲ್ಲ! ಎಂಜಿನ್ ಬಿಸಿ ಆಗೂ ತನಕ ನೀರು ತಡದು ನಿಲ್ಲಸೂ ವಾಲ್ ಅದು. ಯಾವ ಹುಚ್ಚಪ್ಯಾಲಿ ತಗದು ಒಗದಾನ್ರಿ ಇದನ್ನ?”

ಅನಿಲಕುಮಾರ ನೆನಪಿಸಿದ. “ನೀವs ರೀ ಗೌಸಸಾಬ. ಎರಡು ವರ್ಷದ ಹಿಂದ, ಮೇ ತಿಂಗಳಾಗ. ‘ನಮ್ಮ ಬಿಸಲಿಗೆ ಇದು ಯಾಕ ಬೇಕ್ರಿ, ಗಾಡಿ ತಂಪಿರತೈತಿ’ ಅಂದ್ರಿ.”

ಗೌಸಸಾಬ ಹಲ್ಲು ಬಿಟ್ಟ. “ಹಂಗಾರ ಕೆಲಸ ಪಕ್ಕಾ ಆಗೇತಲ್ರಿ! ಗಾಡಿ ತಂಪೈತಿ!”

ಅವನು ಮೂಲೆಯಿಂದ ಹಳೆಯ ಎಣ್ಣೆಡಬ್ಬಿ ಎಳೆದು ನೆಲಕ್ಕೆ ಬೋರಲು ಹಾಕಿದ. ಹಿತ್ತಾಳೆಯ ವಾಲ್‌ಗಳು ಖಣಖಣ ಬಿದ್ದವು. ಹುನಗುಂದ, ಗುಡೂರು, ಇಳಕಲ್ಲಿನ ಅರ್ಧ ಕಾರುಗಳ ಬಿಸಿ ಅಲ್ಲಿ ರಾಶಿಯಾಗಿತ್ತು. ಹನ್ನೊಂದು ವಾಲ್ ಹೊಂದಲಿಲ್ಲ, ಹನ್ನೆರಡನೆಯದು ಕೂತಿತು. ರೇಡಿಯೇಟರಿಗೆ ಕೂಲಂಟ್ ತುಂಬಿ, ಮತ್ತೆ ಕಾಲು ತಾಸು ಎಂಜಿನ್ ಓಡಿಸಿ, ಗುಂಡಿಯನ್ನು ಕೆಂಪಿಗೆ ತಿರುವಿದರು. ಬೆಚ್ಚನೆಯ ಗಾಳಿ ಅನಿಲಕುಮಾರನ ಮುಖಕ್ಕೆ ಬಡಿಯಿತು. ಅವನ ಕಣ್ಣಲ್ಲಿ ನೀರೇ ಬಂತು. ಗೌಸಸಾಬನನ್ನು ತಬ್ಬಿಕೊಂಡ.

ಆರೂವರೆಗೆ, ಹೊತ್ತು ಮುಳುಗಿದ ಮೇಲೆ, ಮಾಸ್ತರರನ್ನು ಕೂಡಿಸಿಕೊಂಡು ಹೊರಟ. ನಡುದಾರಿಯ ಗುಡೂರು ಬರುವುದರೊಳಗೆ ಮಾವನವರು ಮಫ್ಲರು ಬಿಚ್ಚಿದರು, ಟೊಪ್ಪಿಗೆ ತೆಗೆದರು, “ಭೇಷ್” ಅಂದರು, ಗೊರಕೆ ಹೊಡೆದರು. ಅನಿಲಕುಮಾರನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು, ಆದರೂ ಮನಸ್ಸು ಹಾಲು ಕುಡಿದಷ್ಟು ತಂಪಾಗಿತ್ತು. ಚಹಾಕ್ಕೆಂದು ಇಳಿದಾಗ ಬಾದಾಮಿಯಿಂದ ಅತ್ತೆ ಗುರುಲಿಂಗವ್ವನ ಫೋನು ಬಂತು.

“ಅಳಿಯಂದ್ರ, ಇಲ್ಲೆ ಭಾಳ ಥಂಡಿ ಬಿಟ್ಟೈತಿ. ಅವರಿಗೆ ಗಾಳಿ ಬಡ್ಯಾಕತ್ತಿಲ್ಲಲ್ಲ?”

“ಗಾಳಿ ಏನ್ರಿ ಅತ್ತಿಯಾರ, ಒಲಿ ಮುಂದ ಕುಂತಂಗ ಕುಂತಾರ! ಇಂಥಾ ಗಾಡ್ಯಾಗ ನಿಮ್ಮಂಥಾ ಮೊಣಕಾಲ ಬ್ಯಾನಿಯವರೂ ಬೇಕಾದಷ್ಟು ದೂರ ಹೋಗಬಹುದು.”

“ಹೌದss?” ಅಂದರು ಅತ್ತೆ. ಫೋನು ಕಟ್ಟಾಯಿತು.

ಎಂಟಕ್ಕೆ ಬಾದಾಮಿ ಬಂತು. ಮನೆಯ ಕಟ್ಟೆಯ ಮೇಲೆ ಗುರುಲಿಂಗವ್ವ ಎರಡು ಶಾಲು ಹೊದ್ದು ನಿಂತಿದ್ದರು. ಪಕ್ಕದಲ್ಲಿ ಮೂರು ಚೀಲ, ಒಂದು ರೊಟ್ಟಿ ಡಬ್ಬಿ, ಒಂದು ಉಪ್ಪಿನಕಾಯಿ ಭರಣಿ.

“ಇವನ್ನ ಮೊದಲ ಡಿಕ್ಕಿಯಾಗ ಇಡ್ರಿ” ಅಂದರು.

ಮಗಳಿಗೆ ಎಷ್ಟೊಂದು ಕಳಿಸುತ್ತಾರಲ್ಲ ಅಂತ ಅನಿಲಕುಮಾರನಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಓಡಾಡಿ ಎಲ್ಲವನ್ನೂ ಇಟ್ಟು ಡಿಕ್ಕಿ ಹಾಕಿ ತಿರುಗಿದರೆ, ಮನೆಗೆ ಬೀಗ ಬಿದ್ದಿತ್ತು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ ಕಾರಿನ ಹಿಂದಿನ ಬಾಗಿಲು ತೆಗೆದು ಮಾವನವರನ್ನು ನೂಕುತ್ತಿದ್ದರು. “ಆ ಕಡೆ ಸರೀರಿ.”

ಮಾಸ್ತರರು ಕಣ್ಣು ಬಿಡದೆ ಕೇಳಿದರು. “ಇಳಕಲ್ಲ ಬಂತೇನು?”

“ಅತ್ತಿಯಾರ... ಇದೇನ್ರಿ?” ಅನಿಲಕುಮಾರ ಓಡಿ ಬಂದು ಕಾರಿನ ಬಾಗಿಲು ಹಿಡಿದುಕೊಂಡ. “ಮಾವಾರು ಇಳೀಬೇಕಲ್ರಿ?”

“ಅವರು ಇಳದು ಏನ ಮಾಡ್ತಾರ್ರಿ? ಕೀಲಿ ಹಾಕಿದ ಮನ್ಯಾಗ ಅವರ ಕಣ್ಣಿಗೆ ಹನಿ ಯಾರ ಹಾಕಬೇಕು? ನನಗೂ ಎರಡೂ ಕಣ್ಣಾಗ ಪೊರಿ ಬಂದೈತಂತ ಡಾಕ್ಟರು ಹೇಳಿ ವರ್ಷಾತು. ಥಂಡ್ಯಾಗ ಮೊಣಕಾಲ ಹಿಡೀತಾವಂತ ಇಳಕಲ್ಲಿಗೆ ಬರಾಕ ಅಂಜಿ ಕುಂತಿದ್ದೆ. ನೀವ ಹೇಳಿದ ಮ್ಯಾಲೆ ಧೈರ್ಯ ಬಂತು ನೋಡ್ರಿ. ದೇವರಂಥಾ ಅಳಿಯಾ!”

ಅನಿಲಕುಮಾರ ಸ್ಟೇರಿಂಗ್ ಹಿಡಿದು ಕೂತ. ಕಾರು ಇಳಕಲ್ಲಿನ ಕಡೆ ತಿರುಗಿತು. ಹಿಂದೆ ಇಬ್ಬರೂ ಬೆಚ್ಚಗೆ ಕೂತು ಲೆಕ್ಕ ಹಾಕತೊಡಗಿದರು.

“ಒಂದು ಕಣ್ಣು ಈಗ ಮಾಡಸ್ತೇನಿ” ಅಂದರು ಗುರುಲಿಂಗವ್ವ. “ಅದು ಮಾಯಬೇಕಂದ್ರ ಶಿವರಾತ್ರಿ ಆತು. ಇನ್ನೊಂದು ಯುಗಾದಿ ಆದ ಮ್ಯಾಲೆ ಮಾಡಸ್ತೇನಿ. ವಾಪಸ್ ಬರೂದ್ರಾಗ ಕಡಕ್ ಬ್ಯಾಸಗಿ ಇರತೈತಿ. ಅಳಿಯಂದ್ರ, ಈ ಗಾಡ್ಯಾಗ ತಣ್ಣನ ಗಾಳೀನೂ ಬರತೈತಿಲ್ಲ?”

ಬರುತ್ತದೆ ಅಂದರೆ ಒಳ್ಳೆಯದೋ, ಬರುವುದಿಲ್ಲ ಅಂದರೆ ಒಳ್ಳೆಯದೋ ಅಂತ ಅನಿಲಕುಮಾರ ಗುಡೂರು ಬರುವ ತನಕ ಯೋಚಿಸುತ್ತಲೇ ಇದ್ದ.