ಏಳು ಅಂಕ ಪಡೆದ ಒಸಡು

ಲೆಕ್ಕದ ಮೇಷ್ಟ್ರಾದವನಿಗೆ ದೊಡ್ಡ ಅಂಕಿ ಕಿವಿಗೆ ಬಿದ್ದರೆ ಹಿಗ್ಗುವ ದುರಭ್ಯಾಸ ಇರುತ್ತದೆ. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಸೊನ್ನೆ, ಒಂದು, ಎರಡು ಅಂಕ ಹಾಕುತ್ತಲೇ ಬಂದವನು ನಾನು. ಹಾಗಾಗಿ ಚಳ್ಳಕೆರೆಯ ಹಲ್ಲಿನ ಡಾಕ್ಟರಮ್ಮ ನನ್ನ ಬಾಯಿಗೆ ಸಣ್ಣ ಕಡ್ಡಿ ಇಳಿಸಿ, "ಐದು, ಆರು, ಆರು, ಏಳು" ಎಂದು ನರ್ಸಮ್ಮನಿಂದ ಬರೆಸತೊಡಗಿದಾಗ ಬಾಯಿ ತೆರೆದುಕೊಂಡೇ ಸಂತೋಷಪಟ್ಟೆ.

"ಮೇಷ್ಟ್ರೇ, ಇದು ಹಲ್ಲಿಗೂ ಒಸಡಿಗೂ ನಡುವೆ ಬಿದ್ದಿರೋ ಸಂದಿನ ಆಳ, ಮಿಲಿಮೀಟರಿನಲ್ಲಿ. ಮೂರರೊಳಗೆ ಇರಬೇಕು," ಎಂದರು.

ಒಂದು ವರ್ಷದಿಂದ ಸೀಬೆಹಣ್ಣು ಕಚ್ಚಿದರೆ ಹಣ್ಣಿನ ಮೇಲೆ ರಕ್ತ. ಕೆಂಪು ಸೀಬೆ ಎಂದು ಹೆಂಡತಿ ಸರೋಜಳನ್ನು ನಂಬಿಸಿದ್ದೆ. ಕೆಳಗಿನ ಮುಂದಿನ ಹಲ್ಲೊಂದು ನಾಲಿಗೆ ತಗುಲಿದರೂ ಅಲ್ಲಾಡತೊಡಗಿದ ಮೇಲೆ ಅವಳೇ ಬಸ್ಸು ಹತ್ತಿಸಿ ಕರೆತಂದಿದ್ದಳು. ಆ ಹಲ್ಲು ಹೋದರೆ 'ಸಮಬಾಹು ತ್ರಿಭುಜ' ಎನ್ನುವಾಗ ಮೊದಲ ಬೆಂಚಿಗೆಲ್ಲ ಎಂಜಲು ಸಿಡಿಯುತ್ತದಲ್ಲ ಎಂಬುದೇ ನನ್ನ ಚಿಂತೆ.

ಹಲ್ಲು ಕೆರೆದು, ಆಮೇಲೆ ಜೆಲ್ ಔಷಧಿ ತುಂಬಬೇಕೆಂದರು. "ಮೇಡಂ, ಜೆಲ್ ಔಷಧಿ ಅಷ್ಟೇ ಹಚ್ಚಿಬಿಡ್ರಿ. ಕೆರೆಯೋದೆಲ್ಲ ಬ್ಯಾಡ," ಎಂದು ಬೇಡಿಕೊಂಡೆ.

"ಪಾಚಿ ಕಲ್ಲಾಗಿ ಬೇರಿನ ತನಕ ಕೂತೈತೆ. ಅದನ್ನ ತೆಗೀದೆ ಎಷ್ಟು ಔಷಧಿ ಹಾಕಿದ್ರೂ ದಂಡ."

ಮರಗಟ್ಟಿಸಿ, ಒಂದು ವಾರ ಬಲಗಡೆ, ಮರುವಾರ ಎಡಗಡೆ ಕೆರೆದರು. ತಲೆಯೊಳಗೆ ಬೋರ್‌ವೆಲ್ ಕೊರೆದ ಸದ್ದು. ಆಮೇಲೆ ಆಳವಾದ ಸಂದುಗಳಿಗೆ ಮಾತ್ರ ಮೊಂಡು ಸೂಜಿಯಿಂದ ಆಂಟಿಬಯಾಟಿಕ್ ಜೆಲ್ ತುಂಬಿದರು. "ಇದು ಸಹಾಯಕ್ಕಷ್ಟೇ. ಮುಂದಿಂದು ನಿಮ್ಮ ಕೈಲೈತೆ. ಒಂದು ವಾರ ಬಿಟ್ಟು ಶುರು ಮಾಡಿ," ಎಂದು ಸಂದಿಗೆ ಆಡಿಸುವ ಪುಟ್ಟ ಬ್ರಷ್‌ಗಳ ಪೊಟ್ಟಣ ಕೊಟ್ಟರು.

ಮೂರು ತಿಂಗಳ ನಂತರ ಸರೋಜಳ ಜೊತೆ ಮತ್ತೆ ಹೋದೆ. ಹಿಂದಿನ ಹಲ್ಲುಗಳ ಸಂದು ನಾಲ್ಕಕ್ಕೆ ಇಳಿದಿತ್ತು. ಅಲ್ಲಾಡುವ ಮುಂದಿನ ಹಲ್ಲಿನದು ಎಂಟಕ್ಕೆ ಏರಿತ್ತು.

"ಬ್ರಷ್ ದಿನಾ ಹಾಕಿದ್ರಾ?"

"ಒಂದಿನಾನೂ ತಪ್ಪಿಸಿಲ್ಲ ಮೇಡಂ."

ಸರೋಜ ಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಒಡೆದೇ ಇರಲಿಲ್ಲ. ಔಷಧಿ ಒಳಗೆ ದುಡಿಯುತ್ತಿದೆಯೆಂಬ ಭರವಸೆಯಲ್ಲಿ ನಾನು ಬ್ರಷ್ಷಿಗೆ ರಜೆ ಕೊಟ್ಟಿದ್ದೆ.

ಇಂಜೆಕ್ಷನ್ ಕೊಟ್ಟು ಆ ಹಲ್ಲನ್ನು ಅವತ್ತೇ ಕಿತ್ತರು. ಎಪ್ಪತ್ತೆಂಟರಲ್ಲೂ ಹುರಿದ ಕಡಲೆ ಕಟಕಟ ಕಡಿಯುವ ಅವ್ವ, ಮನೆಗೆ ಬಂದ ನನ್ನ ಬಾಯಿ ನೋಡಿ, "ಅಯ್ಯೋ, ಏನಾತೋ ಮಗಾ?" ಎಂದಳು.

"ಆ ಡಾಕ್ಟ್ರಿಗೆ ಕೆಲಸಾನೇ ಗೊತ್ತಿಲ್ಲ ಅವ್ವ," ಎಂದೆ.

ಅವ್ವ ನಂಬಿ, ಡಾಕ್ಟರಮ್ಮನನ್ನು ಮನಸಾರೆ ಬೈದಳು. ಸರೋಜ ಗಂಜಿ ಆರಿಸಿ ತಂದು ನನ್ನ ಮುಂದಿಟ್ಟಳು. ಇಂಜೆಕ್ಷನ್ನಿನ ಜೋಮು ಇನ್ನೂ ಇಳಿದಿರಲಿಲ್ಲ. ಆದರೂ ನೋವಾಯಿತು.