ಮುತ್ತಜ್ಜನ ಮುನ್ನೂರ ಎಪ್ಪತ್ತೈದು

ಕುಡಿಯುತ್ತಾನೆ ಎನ್ನಲೇ, ಸಿಟ್ಟಿನವನು ಎನ್ನಲೇ? ಕುಡಿಯುತ್ತಾನೆ ಎಂದರೆ ಎಷ್ಟು ಎಂದು ಕೇಳುತ್ತಾರೆ. ವಿಲ್‌ಫ್ರೆಡ್ ಕುಡಿಯುವುದು ಕ್ರಿಸ್‌ಮಸ್‌ಗೆ ಒಂದು ಗ್ಲಾಸ್ ವೈನ್, ಅದನ್ನೂ ಅರ್ಧಕ್ಕೇ ಬಿಟ್ಟು ಹೆಂಡತಿಗೆ ಕೊಡುತ್ತಾನೆ. ಸಿಟ್ಟಿನವನು ಎಂದರೆ ಉದಾಹರಣೆ ಕೇಳುತ್ತಾರೆ. ಮೂರು ವರ್ಷದ ಹಿಂದೆ ಯಾರೋ ಅವನ ಹೊಸ ಕಾರಿಗೆ ಉದ್ದಕ್ಕೆ ಗೀರಿ ಹೋದಾಗ ವಿಲ್‌ಫ್ರೆಡ್, "ಪಾಪ, ಅವಸರದಲ್ಲಿದ್ದಿರಬೇಕು" ಎಂದಷ್ಟೇ ಹೇಳಿದ್ದ. ಗೀರಿದವನು ರುದ್ರೇಶನೇ ಆದ್ದರಿಂದ ಆ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು.

ಗಡ್ಡ ಹೆರೆಯುತ್ತಿದ್ದ ರುದ್ರೇಶನ ರೇಜರ್ ಕೆನ್ನೆಯ ಮೇಲೇ ನಿಂತಿತು. ಸಂಜೆ ನಾಲ್ಕಕ್ಕೆ ಪೊಲೀಸ್ ಇಲಾಖೆಯಿಂದ ಒಬ್ಬರು ಬರುವವರಿದ್ದರು. ಈ ದೇಶದಲ್ಲಿ ಬಂದೂಕು ಇಟ್ಟುಕೊಳ್ಳಬೇಕಾದರೆ ಇವನು ಒಳ್ಳೆಯವನು ಎಂದು ಗುರುತಿನವರಿಬ್ಬರು ಹೇಳಬೇಕು. ವಿಲ್‌ಫ್ರೆಡ್ ತನ್ನ ಅರ್ಜಿಯಲ್ಲಿ ಮೊದಲನೆಯದಾಗಿ ಚರ್ಚಿನ ಪಾದ್ರಿಗಳ ಹೆಸರನ್ನೂ, ಎರಡನೆಯದಾಗಿ ಮೇಲಿನ ಫ್ಲ್ಯಾಟಿನ ರುದ್ರೇಶನ ಹೆಸರನ್ನೂ ಬರೆದಿದ್ದ. ಪಾದ್ರಿಗಳು ಹೊಗಳಿಯೇ ಹೊಗಳುತ್ತಾರೆ. ಉಳಿದದ್ದು ರುದ್ರೇಶನ ನಾಲಗೆ.

ಇದೆಲ್ಲ ಶುರುವಾದದ್ದು ಒಂದು ಮಸಾಲೆ ದೋಸೆಯಿಂದ. ಹೋದ ತಿಂಗಳು ಲಂಡನ್ನಿನ ಟೂಟಿಂಗ್‌ನ ಹೋಟೆಲಿನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ, ಕೆಂಟ್ ಕಾಡಿನಲ್ಲಿ ಒಂದು ಜಿಂಕೆಯ ಹಿಂದೆ ಮೂರು ಗಂಟೆ ಹೊಟ್ಟೆಯ ಮೇಲೆ ತೆವಳಿದ ಕತೆಯನ್ನು ವಿಲ್‌ಫ್ರೆಡ್ ಹೇಳುತ್ತಿದ್ದ. ಬಂದೂಕು ಅವನ ಶೂಟಿಂಗ್ ಕ್ಲಬ್ಬಿನದು, ಜೊತೆಗೆ ಕ್ಲಬ್ಬಿನವರು. ಆದರೆ ತೆವಳಿದ್ದು ಅವನೇ. ರುದ್ರೇಶನ ಹೆಂಡತಿ ಸೃಷ್ಟಿ ಬಾಯಿ ತೆರೆದು ಕೇಳುತ್ತಿದ್ದಳು. ಅವಳ ತಟ್ಟೆಯ ದೋಸೆ ತಣ್ಣಗಾಗಿ ಅಂಚು ಮುದುರಿತು. ಹದಿನಾರು ವರ್ಷದ ದಾಂಪತ್ಯದಲ್ಲಿ ರುದ್ರೇಶನ ಯಾವ ಮಾತಿಗೂ ಅವಳ ದೋಸೆ ತಣ್ಣಗಾಗಿರಲಿಲ್ಲ.

"ನಮ್ಮ ಮುತ್ತಜ್ಜ ಪರಪ್ಪ ಚಿರತಿ ಹೊಡದಿದ್ದ," ಎಂದು ಅವನ ಬಾಯಿಂದ ಬಂದುಬಿಟ್ಟಿತು.

ಇಡೀ ಮೇಜು ಅವನ ಕಡೆ ತಿರುಗಿತು. ವಿಲ್‌ಫ್ರೆಡನ ಹೆಂಡತಿ ಜೂಡಿತ್ ಚಮಚ ಕೆಳಗಿಟ್ಟಳು. ಕೆಳಗಿನ ಫ್ಲ್ಯಾಟಿನ ಕಲ್ಲಯ್ಯ ಕಾಕಾ ಮಾತ್ರ, "ಲಿಂಗಾ ಕಟ್ಟಿದ ಮಂದಿ ಬ್ಯಾಟಿ ಆಡ್ತಿದ್ರೇನೋ ತಮ್ಮಾ?" ಎಂದು ಕೇಳಿದರು.

"ತಿನ್ನಾಕಲ್ಲ ಕಾಕಾ, ಊರ ಉಳಸಾಕ."

ಸಾಕ್ಷಿಯೂ ಇತ್ತು. ಕ್ವೀನ್ಸ್‌ಬರಿಯ ಅವರ ಫ್ಲ್ಯಾಟಿನ ದೇವರ ಗೂಡಿನಲ್ಲಿ, ವಿಜಯಪುರದಿಂದ ಬಂದ ಗುಂಡು ಹಾರಿ ಖಾಲಿಯಾದ ಒಂದು ಹಿತ್ತಾಳೆ ತೋಟೆ ನಿಂತಿತ್ತು. ಅದರೊಳಗೆ ಎರಡು ಊದಿನಕಡ್ಡಿ. ಅಡಿಯಲ್ಲಿ ಗುಂಡಿನ ಅಳತೆ, ೩೭೫ ಎಂದು ಮುದ್ರೆ. ಮರುದಿನವೇ ವಿಲ್‌ಫ್ರೆಡ್ ಬಂದು ಅದನ್ನು ಕೈಯಲ್ಲಿ ಹಿಡಿದು, ಬೂದಿ ಊದಿ, ತಿರುಗಿಸಿ ತಿರುಗಿಸಿ ನೋಡಿದ್ದ. ಒಂದು ವಾರಕ್ಕೆ ಸುದ್ದಿ ಬಂತು: ಜೂಡಿತಳ ಅಣ್ಣ ಸ್ಟೀವನ್ ಆಫ್ರಿಕಾದಲ್ಲಿದ್ದಾನೆ, ಕಾಡುಕೋಣದ ಬೇಟೆಗೆ ಏರ್ಪಾಡು ಮಾಡುತ್ತಾನೆ, ವಿಲ್‌ಫ್ರೆಡ್ ಸ್ವಂತಕ್ಕೆ ಬಂದೂಕು ಕೊಳ್ಳುತ್ತಾನೆ. ಅದೇ ಮುನ್ನೂರ ಎಪ್ಪತ್ತೈದು.

ರುದ್ರೇಶನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ತನ್ನ ಬಳಿ ಇರುವುದು ಖಾಲಿ ತೋಟೆ; ಆ ಮನುಷ್ಯ ಅದಕ್ಕೆ ಬಂದೂಕನ್ನೇ ಹೊಂದಿಸುತ್ತಿದ್ದಾನೆ!

ಗಡ್ಡ ಮುಗಿಯುವಷ್ಟರಲ್ಲಿ, ಹತ್ತು ಗಂಟೆಗೆ, ಕೆಳಗೆ ವಿಲ್‌ಫ್ರೆಡನ ಕಾರಿನ ಹಾರ್ನ್ ಆಯಿತು. ಇಬ್ಬರೂ ಪಾರ್ಕ್ ರಾಯಲ್‌ನ ಒಂದೇ ಮಸಾಲೆ ಫ್ಯಾಕ್ಟರಿಯಲ್ಲಿ ಒಂದೇ ಶಿಫ್ಟ್, ಗುರುವಾರ ಒಂದೇ ರಜೆ. ರಜೆಯ ದಿನವೂ ವಿಲ್‌ಫ್ರೆಡನ ಮುಖದಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಬಾ ಮಾರಾಯ," ಎಂದ ವಿಲ್‌ಫ್ರೆಡ್. "ಯಾವ ಕೋವಿ, ಯಾವ ಗುಂಡು ಅಂತ ನೀನೇ ಹೇಳ್ಬೇಕು. ನಿಮ್ಮದು ಚಿರತೆ ಹೊಡೆದ ವಂಶ ಅಲ್ವಾ?"

ಸೃಷ್ಟಿ ಬಾಲ್ಕನಿಯಿಂದ ಬಗ್ಗಿ, "ಅಣ್ಣಾರ, ಮೂತಿ ಮೆತ್ತಂದು ತಗೋತೀರೋ, ಗಟ್ಟಿದೋ?" ಎಂದು ಕೂಗಿದಳು.

ಗಂಡ ಫ್ಯಾಕ್ಟರಿಯಲ್ಲಿ ಕಟ್ಟುವುದು ಸಾಂಬಾರ್ ಪುಡಿಯೋ ರಸಂ ಪುಡಿಯೋ ಎಂದು ಒಂದು ದಿನವೂ ಕೇಳದವಳು ಗುಂಡಿನ ಮೂತಿಯ ವಿಷಯ ಎಲ್ಲಿಂದ ಕಲಿತಳು? ರುದ್ರೇಶ ಕಾರಿನ ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿದ.

ಕಾರಿನಲ್ಲಿ ವಿಲ್‌ಫ್ರೆಡ್ ಎರಡು ಸಿಗ್ನಲ್ ದಾಟಿದ ಮೇಲೆ ಹೇಳಿದ: "ಇವತ್ತು ಆ ಆಫೀಸರ್ ಬಂದಾಗ ನನ್ನ ಮುಖ ನೋಡ್ಬೇಡ ನೀನು. ನನ್ನಲ್ಲಿ ಎಂತ ಕೊರತೆ ಉಂಟೋ ಎಲ್ಲ ಹೇಳು. ಸಂಕೋಚ ಬೇಡ."

ಎಂಥ ಸೊಕ್ಕು! ಬೇಕಾದರೆ ಹುಡುಕಿಕೋ ಎಂದು ಕೊರತೆಗಳ ಪಟ್ಟಿಯನ್ನು ಬೇರೆಯವರಿಂದ ಬರೆಸುವ ಧೈರ್ಯ ಎಷ್ಟು ಜನಕ್ಕಿದ್ದೀತು? ರುದ್ರೇಶ ಕಿಟಕಿಯ ಹೊರಗೆ ನೋಡಿದ.

ಬಂದೂಕಿನ ಅಂಗಡಿ ಊರಿನ ಅಂಚಿನಲ್ಲಿತ್ತು. ಅಂಗಡಿಯ ಮುದುಕ ಮೂರು ಬಂದೂಕು ತೆಗೆದು ಮೇಜಿನ ಮೇಲಿಟ್ಟ, ಹೆಣ್ಣು ತೋರಿಸುವ ಮನೆಯಲ್ಲಿ ತಟ್ಟೆ ಇಟ್ಟಷ್ಟು ಮೆಲ್ಲಗೆ. ಮುನ್ನೂರ ಎಪ್ಪತ್ತೈದು ಎಂದರೆ ನೂರು ವರ್ಷ ದಾಟಿದ ಮಾಲು ಎಂದು ಅವನು ವಿವರಿಸಿದ. ತೀರಾ ದೊಡ್ಡದಲ್ಲ, ಸಣ್ಣದೂ ಅಲ್ಲ, ನಡುಗಾತ್ರ. ಮೂತಿ ಮೆತ್ತಗಿರುವ ಗುಂಡು ಮೈಯೊಳಗೆ ಹೋಗಿ ಹೂವಿನಂತೆ ಅರಳಿ ಅಲ್ಲೇ ನಿಲ್ಲುತ್ತದೆ. ಗಟ್ಟಿ ಗುಂಡು ಅರಳುವುದಿಲ್ಲ, ಎಲುಬು ಒಡೆದುಕೊಂಡು ಆಳಕ್ಕೆ ನುಗ್ಗುತ್ತದೆ. ಕಾಡುಕೋಣಕ್ಕೆ ಎರಡನ್ನೂ ಇಟ್ಟುಕೊಳ್ಳುವವರಿದ್ದಾರೆ.

"ನಿಮ್ಮ ಮುತ್ತಜ್ಜ ಚಿರತೆಗೆ ಯಾವುದು ಹಾಕಿದ್ದು?" ಎಂದ ವಿಲ್‌ಫ್ರೆಡ್.

"ಗಟ್ಟಿದು," ಎಂದ ರುದ್ರೇಶ. ಹೆಸರೇ ಗಟ್ಟಿಯಾಗಿತ್ತು.

ಮುದುಕನ ಹುಬ್ಬು ಮೇಲೇರಿತು. "ಚಿರತೆಗೆ? ಈ ಕಡೆ ಹೊಕ್ಕು ಆ ಕಡೆ ಹೋಗಿಬಿಡುತ್ತದಲ್ಲ. ಚಿರತೆಗೆ ಗೊತ್ತಾಗುವಷ್ಟರಲ್ಲಿ ಗುಂಡು ಪಕ್ಕದ ಊರಿನಲ್ಲಿರುತ್ತದೆ."

"ನಮ್ಮ ಕಡೆಯ ಚಿರತೆ ದಪ್ಪ," ಎಂದ ರುದ್ರೇಶ ಇಂಗ್ಲಿಷಿನಲ್ಲಿ, ಮುಖ ಅಲುಗಿಸದೆ.

ಮೊಟ್ಟೆ ಕಂಡರೂ ಕೈ ತೊಳೆದುಕೊಳ್ಳುವ ಮನೆತನದವನು ಇಷ್ಟನ್ನು ಹೇಳಿ ದಕ್ಕಿಸಿಕೊಂಡದ್ದೇ ದೊಡ್ಡದು. ಆದರೆ ಮುಂದಿನದು ಬಂದೂಕಿನ ಆಯ್ಕೆ. ಮೊದಲನೆಯದು ಭಾರವಾದದ್ದು, ಕಪ್ಪು ಆಕ್ರೋಟ್ ಮರದ ಹಿಡಿ. ವಿಲ್‌ಫ್ರೆಡ್ ಅದನ್ನು ಭುಜಕ್ಕೆ ಏರಿಸಿದಾಗ ಎದುರಿನ ಕನ್ನಡಿಯಲ್ಲಿ ಒಬ್ಬ ಮಹಾರಾಜ ಕಂಡ. ರುದ್ರೇಶ ಕನ್ನಡಿಗೆ ಬೆನ್ನು ತಿರುಗಿಸಿದ. ಇದನ್ನು ಹಿಡಿದು ಇವನು ಫೋಟೊ ತೆಗೆಸಿಕೊಂಡರೆ ಆ ಫೋಟೊ ಸೃಷ್ಟಿಯ ಫೋನಿಗೂ ಬರುತ್ತದೆ.

"ಇದು ಬ್ಯಾಡ. ಆ ಹಗೂರದ್ದ ತಗೋ," ಎಂದು ಮೂಲೆಯ, ಪ್ಲಾಸ್ಟಿಕ್ ಹಿಡಿಯ, ಛತ್ರಿಯಂತಿದ್ದ ಬಂದೂಕನ್ನು ತೋರಿಸಿದ.

"ನಿಮಗೆ ಖಚಿತವೇ?" ಎಂದ ಮುದುಕ.

"ನಾವು ತಲೆಮಾರಿನಿಂದ ಹಗುರವಾದದ್ದನ್ನೇ ಬಳಸುವುದು."

ಬಂದೂಕು ಹಗುರವಾದಷ್ಟೂ ಒದೆತ ಜಾಸ್ತಿ ಎಂಬುದು ರುದ್ರೇಶನಿಗೆ ತಿಳಿದದ್ದು ಒಂದು ಗಂಟೆಯ ನಂತರ, ಕ್ಲಬ್ಬಿನ ಗುರಿಯ ಮೈದಾನದಲ್ಲಿ. ಅತಿಥಿಗಳಿಗೂ ಅವಕಾಶವಿದ್ದ ದಿನ. ಅದೇ ತರಹದ ಬಂದೂಕು ಸಿದ್ಧವಾಗಿತ್ತು.

"ನೀನೇ ಮೊದಲು ಹೊಡಿ," ಎಂದ ವಿಲ್‌ಫ್ರೆಡ್, ಒಂದು ಹೆಜ್ಜೆ ಹಿಂದೆ ಸರಿದು. "ನಂಗೆ ಇವತ್ತು ಭುಜ ಸ್ವಲ್ಪ ಹಿಡ್ಕೊಂಡಿದೆ."

ಕ್ಲಬ್ಬಿನವನು ಹೇಗೆ ಹಿಡಿಯಬೇಕೆಂದು ಹೇಳಿಕೊಡಲು ಬಂದ. ಚಿರತೆಯ ವಂಶದವನು ಕೈ ಎತ್ತಿ ಅವನನ್ನು ತಡೆದ. ಗುರಿ ಚೆನ್ನಾಗಿ ಕಾಣಲೆಂದು ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣನ್ನು ಆದಷ್ಟು ಹತ್ತಿರ ಇಟ್ಟು, ಉಸಿರು ಕಟ್ಟಿ, ಟ್ರಿಗರ್ ಎಳೆದ.

ಲಂಡನ್ ಒಮ್ಮೆ ಮಾಯವಾಗಿ ಮತ್ತೆ ಬಂತು. ಬಂದಾಗ ರುದ್ರೇಶ ಹುಲ್ಲಿನ ಮೇಲೆ ಕುಳಿತಿದ್ದ. ಹಿಂದಕ್ಕೆ ಚಿಮ್ಮಿದ ದುರ್ಬೀನಿನ ಉಂಗುರ ಬಲಗಣ್ಣಿನ ಹುಬ್ಬಿನ ಮೇಲೆ ಚೌತಿಯ ಚಂದ್ರನನ್ನು ಕೆತ್ತಿತ್ತು. ಗುರಿಹಲಗೆಯ ಕಾಗದ ಹೊಸ ನೋಟಿನಂತೆ ಗರಿಗರಿಯಾಗಿಯೇ ಇತ್ತು.

"ಮನ್ಯಾಗ ಹೇಳಬ್ಯಾಡ," ಎಂದ ಅವನು, ಕರವಸ್ತ್ರ ಒತ್ತಿಕೊಂಡು.

ವಿಲ್‌ಫ್ರೆಡ್ ಆ ರಕ್ತವನ್ನು ನೋಡುತ್ತ ಬೆವರುತ್ತಿದ್ದ. ಹೇಳುವುದಿಲ್ಲ ಎಂದು ತಲೆಯಾಡಿಸಿದ. ತಾನು ಒಂದು ಗುಂಡನ್ನೂ ಹಾರಿಸಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಪೊಲೀಸ್ ಇಲಾಖೆಯ ಮಿಸೆಸ್ ಹಾರ್ಪರ್ ಬಂದರು. ಪೊಲೀಸರ ಗಾಡಿ ನಿಂತದ್ದನ್ನು ಕಂಡ ಕಲ್ಲಯ್ಯ ಕಾಕಾ, ಸಕ್ಕರೆ ಕೇಳುವ ನೆಪದಲ್ಲಿ ಲೋಟ ಹಿಡಿದು ಹಿಂದೆಯೇ ಬಂದು ಸೋಫಾದಲ್ಲಿ ಕುಳಿತರು. ಆಗಷ್ಟೇ ಹೊರಗಿನಿಂದ ಬಂದಿದ್ದ ಸೃಷ್ಟಿ ಚಹಾ ತಂದಿಟ್ಟು, ಗಂಡನ ಹಣೆಯ ಪಟ್ಟಿಯನ್ನು ಕಂಡು ಅಲ್ಲೇ ನಿಂತಳು.

"ಮಿಸ್ಟರ್ ವಿಲ್‌ಫ್ರೆಡ್ ಡಿಸೋಜಾ ಕೇಳಿರುವುದು ದೊಡ್ಡ ಬಂದೂಕು," ಎಂದರು ಮಿಸೆಸ್ ಹಾರ್ಪರ್. "ನನಗೆ ಮನಸ್ಸು ಪೂರ್ತಿ ಒಪ್ಪಿಲ್ಲ. ಅವರ ಸ್ವಭಾವ ಹೇಗೆ? ಕೋಪ? ಜಗಳ?" ಆಮೇಲೆ ಅವರ ಕಣ್ಣು ಪಟ್ಟಿಯ ಮೇಲೆ ನಿಂತಿತು. "ಬೆಳಿಗ್ಗೆ ನೀವು ಅವರ ಜೊತೆಯಲ್ಲೇ ಇದ್ದಿರಂತೆ. ಈ ಗಾಯ ಹೇಗಾಯಿತು?"

ರುದ್ರೇಶನ ಕೈ ಪಟ್ಟಿಯ ಮೇಲೆ ಹೋಯಿತು.

ಇಷ್ಟು ಸುಲಭವಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ಸುಳ್ಳೇ ಹೇಳಬೇಕಿಲ್ಲ. ಸುಮ್ಮನೆ ತಲೆ ತಗ್ಗಿಸಿದರೆ ಸಾಕು. ಉಳಿದದ್ದನ್ನು ಆ ಮೌನವೇ ಬರೆದುಕೊಳ್ಳುತ್ತದೆ. ಅವನು ತಲೆ ತಗ್ಗಿಸಿದ. ಮಿಸೆಸ್ ಹಾರ್ಪರ್ ಪೆನ್ನಿನ ಮುಚ್ಚಳ ತೆಗೆದರು.

"ಹೊಡದಾನೇನ ಅಂವಾ ಇವನ್ನ?" ಎಂದು ಕಲ್ಲಯ್ಯ ಕಾಕಾ ಸೃಷ್ಟಿಯ ಕಿವಿಯಲ್ಲಿ ಕೇಳಿದ್ದು ಇಡೀ ಕೋಣೆಗೆ ಕೇಳಿಸಿತು.

ರುದ್ರೇಶ ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅವಳು ಮನಸ್ಸಿನಲ್ಲೇ ಅಳೆಯುತ್ತಿದ್ದಳು: ವಿಲ್‌ಫ್ರೆಡನ ತೋಳು, ಇವನ ತೋಳು. ಹೌದು, ಹೊಡೆದರೆ ಹೀಗೇ ಆಗುತ್ತದೆ ಎಂಬಂತೆ. ಅವಳಿಗೆ ಆಶ್ಚರ್ಯವಾಗಲಿಲ್ಲ ಎಂಬುದೇ ಅವನ ಎದೆಗೆ ಬಂದು ತಾಕಿತು, ಮೂತಿ ಮೆತ್ತಗಿನ ಗುಂಡಿನಂತೆ, ಮತ್ತು ಒಳಗೆ ಹೋಗಿ ಅರಳಿತು.

"ಇಲ್ಲ!" ಎಂದು ಅವನು ಎದ್ದೇ ನಿಂತ. "ಹೊಡೆಯುವುದೇ? ವಿಲ್‌ಫ್ರೆಡ್? ಅವನು ಸೊಳ್ಳೆಯನ್ನೂ ಓಡಿಸುತ್ತಾನೆಯೇ ಹೊರತು ಹೊಡೆಯುವುದಿಲ್ಲ. ಕಾರಿಗೆ ಗೀರಿದವನನ್ನೂ ಪಾಪ ಎಂದವನು. ಕುಡಿಯುವುದಿಲ್ಲ, ಕೂಗುವುದಿಲ್ಲ. ಈ ಬೀದಿಯಲ್ಲಿ ಒಬ್ಬರ ಕೈಗೆ ಬಂದೂಕು ಕೊಡಬಹುದಾದರೆ ಅದು ಅವನ ಕೈಗೆ. ಇದು ನಮ್ಮ ಅಡುಗೆಮನೆಯ ಕಪಾಟು ಬಡಿದದ್ದು."

"ನೀವು ಅಡಿಗಿಮನಿಗೆ ಹೋದದ್ದ ಯಾವಾಗ್ರಿ?" ಎಂದಳು ಸೃಷ್ಟಿ.

ಮಿಸೆಸ್ ಹಾರ್ಪರ್ ಎರಡು ಪುಟ ಬರೆದರು. ಬಾಗಿಲವರೆಗೆ ಕಳಿಸಲು ಬಂದ ರುದ್ರೇಶನಿಗೆ ಮೆಲ್ಲನೆ ಹೇಳಿದರು: "ನನ್ನ ಗಂಡನ ಹುಬ್ಬಿನ ಮೇಲೂ ಇಂಥದೇ ಕಪಾಟಿನ ಗುರುತಿದೆ. ಮುಂದಿನ ಸಲ ಕಣ್ಣು ಸ್ವಲ್ಪ ದೂರ ಇಡಿ. ಇರಲಿ, ನಾನು ಬೇಡ ಎಂದು ಬರೆಯಬೇಕೆಂದೇ ಬಂದಿದ್ದೆ. ನಿಮ್ಮ ಮಾತು ಕೇಳಿ ಮನಸ್ಸು ಬದಲಾಯಿತು."

ಅವರ ಗಾಡಿ ಹೊರಟಿದ್ದೇ ತಡ, ಮೆಟ್ಟಿಲ ಕೆಳಗಿನಿಂದ ವಿಲ್‌ಫ್ರೆಡ್ ಓಡಿಬಂದ. ಮುಖದಲ್ಲಿ ರಿಸಲ್ಟ್ ನೋಡಲು ಬಂದವನ ಆಸೆ.

"ಎಂತ ಹೇಳಿದಿ ಮಾರಾಯ?"

"ಒಳ್ಳೇದ ಹೇಳೀನಿ," ಎಂದ ರುದ್ರೇಶ, ಆ ಪದ ಹಲ್ಲಿಗೆ ಸಿಕ್ಕಿಕೊಂಡಂತೆ. "ಎಲ್ಲಾ ಒಳ್ಳೇದ. ನಿನಗ ಬಂದೂಕ ಸಿಕ್ಕಂಗ ತಿಳಿ."

ವಿಲ್‌ಫ್ರೆಡ್ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಅಯ್ಯೋ ದೇವರೇ! ನಿನ್ನ ಹೊಟ್ಟೆಕಿಚ್ಚನ್ನೇ ನಂಬಿ ನಿನ್ನ ಹೆಸರು ಬರೆದದ್ದು ನಾನು!"

"ಏನಂದಿ?"

"ನೀನು ಖಂಡಿತ ಹಾಳು ಮಾಡ್ತಿ ಅಂತ ಎಣಿಸಿದ್ದೆ. ಕಾರಿಗೆ ಗೀರಿದವ ನೀನು ಅಂತ ನಂಗೆ ಗೊತ್ತಿಲ್ವಾ?" ವಿಲ್‌ಫ್ರೆಡ್ ತಲೆ ಹಿಡಿದುಕೊಂಡ. "ಆ ದೋಸೆ ದಿನದಿಂದ ಜೂಡಿತ್‌ಗೆ ಬೇರೆ ಮಾತಿಲ್ಲ. ರುದ್ರೇಶನ ಮುತ್ತಜ್ಜ ಹಾಗೆ, ರುದ್ರೇಶನ ಮುತ್ತಜ್ಜ ಹೀಗೆ. ನಾನು ಜಿಂಕೆ ಹಿಂದೆ ತೆವಳಿದ್ದು ಯಾರಿಗೆ ಬೇಕು? ತಡೀಲಿಕ್ಕೆ ಆಗದೆ, ನಾನೂ ಅದೇ ಕೋವಿ ತಗೊಳ್ತೇನೆ ಅಂದುಬಿಟ್ಟೆ. ಅವಳು ಸ್ಟೀವನ್‌ಗೆ ಫೋನ್ ಮಾಡಿದಳು. ಕಾಡುಕೋಣ ನೋಡಿದ್ದೀಯಾ ನೀನು? ವಿಡಿಯೊ ನೋಡಿ ಮೂರು ದಿನ ಆಯ್ತು, ನಂಗೆ ನಿದ್ರೆ ಇಲ್ಲ. ಪೊಲೀಸರೇ ಬೇಡ ಅಂದ್ರೆ ಮರ್ಯಾದೆ ಉಳೀತಿತ್ತು."

ರುದ್ರೇಶ ಅವನ ಪಕ್ಕ ಕುಳಿತ. ಇಷ್ಟು ವರ್ಷ ತಾನು ಒಬ್ಬನೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದ. ಎದುರಿನವನೂ ಅದೇ ಬೆಂಕಿಗೆ ಕೈ ಕಾಯಿಸುತ್ತಿದ್ದ ಎಂದು ತಿಳಿದು, ನಾಚಿಕೆಯಾಗುವ ಮೊದಲು ಒಂದು ಗಳಿಗೆ ಸುಖವಾಯಿತು.

ಸುಖ ಆ ಗಳಿಗೆಯಷ್ಟೇ. ಮೇಲೆ ಬಾಗಿಲು ತೆರೆಯಿತು. ಸೃಷ್ಟಿ, ಅವಳ ಹಿಂದೆ ಸಕ್ಕರೆಯ ಲೋಟದ ಕಲ್ಲಯ್ಯ ಕಾಕಾ; ಕೆಳಗಿನಿಂದ ಫೋನ್ ಹಿಡಿದು ಮೆಟ್ಟಿಲು ಹತ್ತಿ ಬಂದ ಜೂಡಿತ್.

"ಸ್ಟೀವನ್ ಇಬ್ಬರಿಗೂ ಬುಕ್ ಮಾಡಿದ್ದಾನೆ!" ಎಂದಳು ಜೂಡಿತ್. "ರುದ್ರೇಶ್ ಪಕ್ಕದಲ್ಲಿ ಇದ್ರೆ ನಂಗೂ ಧೈರ್ಯ."

"ಹೋಗಿ ಬರ್ರಿ," ಎಂದಳು ಸೃಷ್ಟಿ. ಅವಳ ಕಣ್ಣಿನಲ್ಲಿ, ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ, ದೋಸೆ ತಣ್ಣಗಾಗುವಂಥ ನೋಟವಿತ್ತು. "ಫೋಟೊ ಮಾತ್ರ ಕಳಸ್ರಿ."

ವಿಲ್‌ಫ್ರೆಡ್ ರುದ್ರೇಶನ ಕಿವಿಯ ಹತ್ತಿರ ಬಾಗಿದ. ದನಿಯಲ್ಲಿ ಬೇಡಿಕೆಯಿತ್ತು. "ಸತ್ಯ ಹೇಳು ಮಾರಾಯ. ನಿನ್ನ ಮುತ್ತಜ್ಜ ನಿಜವಾಗಿ ಚಿರತೆ ಹೊಡೆದದ್ದಾ?"

ರುದ್ರೇಶ ತಲೆ ಎತ್ತಿದ. ಸೃಷ್ಟಿ ಇನ್ನೂ ನೋಡುತ್ತಲೇ ಇದ್ದಳು.

"ಒಂದಲ್ಲ," ಎಂದ. "ಎರಡು."

ಪರಪ್ಪ ಯಾರೋ ಸಾಹೇಬರ ಕುದುರೆಗೆ ಹುಲ್ಲು ಹಾಕುವ ಕೆಲಸದಲ್ಲಿದ್ದ. ಸಾಹೇಬರು ಗುಂಡು ಹಾರಿಸಿದ ದಿನ ಆ ಸದ್ದಿಗೆ ಹೆದರಿ ಮರ ಹತ್ತಿದ್ದ, ಎಲ್ಲರೂ ಹೋದ ಮೇಲೆ ಇಳಿದು, ಊದಿನಕಡ್ಡಿ ಸಿಕ್ಕಿಸಲಿಕ್ಕೆ ಆದೀತೆಂದು ನೆಲದ ಮೇಲಿದ್ದ ಹಿತ್ತಾಳೆಯನ್ನು ಎತ್ತಿಕೊಂಡು ಮನೆಗೆ ಬಂದಿದ್ದ. ಅದನ್ನು ರುದ್ರೇಶ ಯಾರಿಗೂ ಹೇಳಲಿಲ್ಲ.